ನಾಲ್ಕು ಬೆರಳು ಹೆಚ್ಚಿನ ಬಟ್ಟೆ

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಅವನಿಗೆ ಅಲ್ಲಿಯವರು ಇಟ್ಟ ಹೆಸರು ಅಂಚು ಮಾಸ್ತರ. ಎದುರಿಗೆ ಬರೀ ಮಾಸ್ತರೇ ಅನ್ನುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ಅಂಚು ಬಂದು ಸೇರಿಕೊಳ್ಳುತ್ತಿತ್ತು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ಓದಿದ್ದು ಐದನೇ ತರಗತಿ. ಆದರೆ ಇಪ್ಪತ್ತು ಗಜದ ಮೇಜಿನ ಮೇಲೆ ನೂರಿಪ್ಪತ್ತು ಪದರ ಬಟ್ಟೆ ಹಾಸಿ, ಪಕ್ಕದಿಂದ ನೋಡಿದರೆ ಗಾರೆ ಮಾಡಿದ ಗೋಡೆಯ ಹಾಗೆ ನುಣ್ಣಗೆ ಕಾಣುವಂತೆ ಅಂಚಿಗೆ ಅಂಚು ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಒಂದು ಪದರ ನೂಲಿನಷ್ಟು ಹೊರಗೆ ಇಣುಕಿದರೂ ಸಾಕು, ಹಾಸಿದವನ ಜನ್ಮ ಜಾಲಾಡಿಬಿಡುತ್ತಿದ್ದ. ತಾನು ಕತ್ತರಿಸಿದ್ದು ಯಾವತ್ತಾದರೂ ಕೆಟ್ಟಿತೋ, ತಪ್ಪು ಬಟ್ಟೆಯದು. ಥಾನೇ ಓರೆಯಾಗಿ ಬಂದಿತ್ತು, ನೀರಿಗೆ ಹಾಕದೆ ಕಳಿಸಿದ್ದರು, ಬಣ್ಣ ಹಾಕಿದವನಿಗೆ ಕಣ್ಣಿರಲಿಲ್ಲ, ಹೀಗೆ.

ಹೋದ ವರ್ಷ ತಾನೇ ಅಳೆದು ತಾನೇ ಕತ್ತರಿಸುವ ಯಂತ್ರವೊಂದು ಕಾರ್ಖಾನೆಗೆ ಬಂತು. ಮಾಸ್ತರನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಅಲ್ಲಿಂದ ಎಂಟು ತಿಂಗಳು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೆ ಅನ್ನುವುದು ಅವನ ಹೆಂಡತಿಯನ್ನು ಕೇಳಬೇಕು. ಹಳೇ ಪೇಪರುಗಳನ್ನು ಅಂಚು ಕೂಡಿಸಿ ಕೂಡಿಸಿ ಇಟ್ಟ. ಕಾಲೊರೆಸುವ ಬಟ್ಟೆಗೆ ಎರಡೂ ತುದಿಯಲ್ಲಿ ಕುಚ್ಚು ಜೋತಾಡುತ್ತಿತ್ತು, ಅದು ಕಣ್ಣಿಗೆ ಚುಚ್ಚುತ್ತದೆ ಎಂದು ನೆಟ್ಟಗೆ ಕತ್ತರಿಸಿದ. ವಾರದೊಳಗೆ ಆ ಬಟ್ಟೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಬಾಗಿಲ ತುಂಬ ಹರಡಿತು. ಇವನೋ, ಕಳಪೆ ಮಾಲು ಅಂದ.

ಹೆಂಡತಿ ಪೇಟೆಯ ಆಲ್ಟ್ರೇಷನ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಪ್ಯಾಂಟಿನ ಸೊಂಟ ಸಡಿಲಿಸುವುದು, ತೋಳು ಗಿಡ್ಡ ಮಾಡುವುದು, ಇಂಥವೇ. ಅಲ್ಲಿ ಮೇಜಿನ ಹಿಂದೆ ಕುರ್ಚಿ ಹಾಕಲು ಜಾಗವಿಲ್ಲ. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು. ಎರಡು ವರ್ಷದಿಂದ ಅವಳ ಎಡಗಾಲಿನ ನರಗಳು ಹುರಿಯ ಹಾಗೆ ಉಬ್ಬಿಕೊಂಡಿದ್ದವು. ಡಾಕ್ಟರು ನಿಲ್ಲುವುದನ್ನು ಬಿಡಿ ಅಂದಿದ್ದರು. ಬಿಟ್ಟರೆ ಮನೆ ನಡೆಯಬೇಕಲ್ಲ.

ಅಂಥ ಹೊತ್ತಿಗೆ ಪರದೆ ಅಂಗಡಿಯ ಯಜಮಾನಿ ಒಂದು ಮಾತು ಹೇಳಿದ್ದರು. ಕೌದಿಗೆ ಈಗ ಗಿರಾಕಿಗಳಿದ್ದಾರೆ, ಜೋಡಿ ಮಂಚದ ಅಳತೆಯದು ಒಂದು ಹೊಲಿದು ತಂದು ತೋರಿಸಿ, ಹಿಡಿಸಿದರೆ ವರ್ಷವಿಡೀ ಕೆಲಸ ನಿಮಗೇ, ಮನೆಯಲ್ಲೇ ಕೂತು ಹೊಲಿಯಬಹುದು ಎಂದು. ಕೂತು ಅನ್ನುವ ಒಂದು ಮಾತೇ ಸಾಕಾಗಿತ್ತು ಹೆಂಡತಿಗೆ. ಮೇಲಿನ ಹೊದಿಕೆಗೆ ಹೋದ ವರ್ಷದ ಪರದೆ ಬಟ್ಟೆಗಳ ಸ್ಯಾಂಪಲ್ ಪುಸ್ತಕಗಳನ್ನು ಕೊಟ್ಟರು, ಅಡಿಗೆ ದೊಡ್ಡ ಪನ್ನದ, ಮಂಚದಗಲದ ಒಂದೇ ತುಂಡು ಬಟ್ಟೆ, ನಡುವೆ ಹಾಕಲು ಸುರುಳಿ ಸುತ್ತಿದ ಹತ್ತಿಯ ಹಾಸು. ಇನ್ನೊಬ್ಬ ಹೆಂಗಸಿಗೂ ಹೇಳಿದ್ದೇನೆ, ಇಬ್ಬರದ್ದೂ ನೋಡಿ ಹೇಳುತ್ತೇನೆ ಅಂತಲೂ ಅಂದರು. ತಿಂಗಳ ಗಡುವು, ಕೊನೆಯ ದಿನ ಮಂಗಳವಾರ ಮಧ್ಯಾಹ್ನ.

ಸ್ಯಾಂಪಲ್ ಚೌಕಗಳನ್ನು ಜೋಡಿಸಿ ಮೇಲ್ಬಟ್ಟೆ ಮಾಡಲು ಅವಳಿಗೆ ಮೂರು ವಾರ ಹಿಡಿಯಿತು. ಅಂಗಡಿಯಲ್ಲಿ ನಿಂತು ಬಂದು, ಅಡುಗೆ ಮುಗಿಸಿ, ಆಮೇಲೆ ದಿನಕ್ಕೆರಡು ಸಾಲು. ಅದು ಮುಗಿದ ಮೇಲೆ, ಭಾನುವಾರ ರಜೆ ಕೇಳಿಕೊಂಡು, ಬೆಳಿಗ್ಗೆಯೇ ಮೂರು ಪದರ ಹಾಸಲು ನಡುಮನೆ ಖಾಲಿ ಮಾಡಿದಳು.

ಖಾಲಿ ಮಾಡುವುದೆಂದರೆ ಸುಮ್ಮನೆಯೇ? ಹತ್ತಡಿಗೆ ಹನ್ನೊಂದಡಿಯ ಕೋಣೆ. ಅದರಲ್ಲಿ ಅವಳ ತಾಯಿಯ ಮಂಚ. ಸೊಂಟ ಮುರಿದು ಮಲಗಿದ ಮೇಲೆ ಅತ್ತೆ ಆ ಮಂಚದಿಂದಲೇ ಇಡೀ ಮನೆಯನ್ನು ನಡೆಸುತ್ತಿದ್ದರು. ಮಾಸ್ತರ ಮಂಚವನ್ನು ಅತ್ತೆಯ ಸಮೇತ ಅಡುಗೆಮನೆಯ ಬಾಗಿಲಿನವರೆಗೆ ಎಳೆದ. ಮಂಚದ ಕಾಲು ಹೊಸ್ತಿಲಿಗೆ ಸಿಕ್ಕಿಹಾಕಿಕೊಂಡು ಅರ್ಧ ಒಳಗೆ ಅರ್ಧ ಹೊರಗೆ ನಿಂತಿತು. ಇನ್ನು ಯಾರು ಅಡುಗೆಮನೆಗೆ ಹೋಗಬೇಕೆಂದರೂ ತಮ್ಮನ್ನು ದಾಟಿ ಹೋಗಬೇಕಲ್ಲ ಎಂದು ಅತ್ತೆಗೆ ಸಂತೋಷವೇ ಆಯಿತು.

ಹೆಂಡತಿ ನೆಲ ಒರೆಸಿ, ಅಡಿಬಟ್ಟೆಯನ್ನು ಒಳಮೈ ಮೇಲಾಗಿ ಹರಡಿ, ನಾಲ್ಕೂ ಕಡೆ ಅಂಟುಪಟ್ಟಿ ಹಚ್ಚಿ ನೆಲಕ್ಕೆ ಅಂಟಿಸಿದಳು. ನೆಲ ಇನ್ನೂ ಒದ್ದೆಯಿತ್ತು. ಮೂರನೇ ಮೂಲೆ ಹಚ್ಚುವಷ್ಟರಲ್ಲಿ ಮೊದಲನೇದು ಎದ್ದು ಬಂತು. ಮತ್ತೆ ಒರೆಸಿದಳು, ಮತ್ತೆ ಹಚ್ಚಿದಳು. ಅದರ ಮೇಲೆ ಹತ್ತಿ. ಸುರುಳಿಯಲ್ಲಿ ಸುತ್ತಿ ಸುತ್ತಿ ಅದಕ್ಕೆ ಅಲೆ ಬಿದ್ದಿತ್ತು, ಅಂಗೈಯಲ್ಲಿ ಸವರಿ ಸವರಿ ಮಲಗಿಸಬೇಕು. ಇತ್ತ ಸವರಿದರೆ ಅತ್ತ ಏಳುತ್ತಿತ್ತು. ಕೊನೆಗೆ ಮೇಲ್ಬಟ್ಟೆ.

ಮಾಸ್ತರ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಅಡಿಬಟ್ಟೆ, ಹತ್ತಿ ಎರಡೂ ಮೇಲ್ಬಟ್ಟೆಗಿಂತ ಸುತ್ತಲೂ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದ್ದವು. ಹತ್ತಿಯಂತೂ ಹರಕು ಹರಕಾಗಿ, ಎದ್ದು ಬಂದ ತಲೆಗೂದಲಿನ ಹಾಗೆ. ಇದೇನು ಹೀಗೆ ಬಿಟ್ಟಿದ್ದೀಯ ಎಂದು ಕೇಳಿದ. ಅವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದಳು. ಇರಲಿ, ಆಮೇಲೆ ಕತ್ತರಿಸಿದರಾಯ್ತು ಎಂದಷ್ಟೇ ಹೇಳಿ ನಡುಮಧ್ಯದಿಂದ ಪಿನ್ನು ಹಾಕಲು ಶುರು ಮಾಡಿದಳು.

ನಡುವಿನಿಂದ ಯಾಕೆ, ಒಂದು ಅಂಚು ಹಿಡಿದುಕೊಂಡು ಹೋಗಬೇಕು, ಅದು ಕ್ರಮ ಎಂದ ಇವನು. ಇದು ಬೇರೆ ಕೆಲಸ ಎಂದಳು ಅವಳು. ಬಟ್ಟೆ ಬಟ್ಟೆಯೇ, ಪದರ ಪದರವೇ, ನೂರಿಪ್ಪತ್ತು ಹಾಸಿದವನಿಗೆ ಮೂರು ಹಾಸುವುದು ಗೊತ್ತಿಲ್ಲವಾ ಎಂದು ಇವನು ದನಿ ಏರಿಸಿದ. ಅವಳು ಇನ್ನೊಂದು ಪಿನ್ನು ಚುಚ್ಚಿದಳು. ಅದನ್ನು ಕಂಡು ಅವನಿಗೆ ಇನ್ನೂ ಉರಿ ಹತ್ತಿತು.

ಅಷ್ಟರಲ್ಲಿ ಫೋನು ಬಂತು. ಆಲ್ಟ್ರೇಷನ್ ಅಂಗಡಿಯವರು. ಯಾವನೋ ಗಿರಾಕಿಗೆ ಸಂಜೆಗೆ ಕೋಟು ಬೇಕಂತೆ, ಬೇರೆ ಯಾರೂ ಇಲ್ಲವಂತೆ, ಎರಡು ಗಂಟೆ ಬಂದು ಹೋಗಿ ಎಂದರು. ರಜೆ ಕೊಟ್ಟವರೇ ಕರೆದರೆ ಆಗಲ್ಲ ಅನ್ನುವ ಧೈರ್ಯ ಅವಳಿಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ಗಂಡನಿಗೆ ಹೇಳಿದಳು. "ನಡುವಿನಿಂದ ಹೊರಗಡೆಗೆ ಗೇಣಿಗೊಂದು ಪಿನ್ನು ಹಾಕ್ತಾ ಹೋಗಿ. ಅಷ್ಟೇ. ಬೇರೆ ಏನೂ ಮಾಡ್ಬೇಡಿ."

"ನಾನೇನು ಚಿಕ್ಕ ಮಗೂನಾ?" ಎಂದ ಮಾಸ್ತರ.

ಹದಿನೈದು ಪಿನ್ನಿನವರೆಗೆ ಅವಳು ಹೇಳಿದ ಹಾಗೇ ಹಾಕಿದ. ಪಿನ್ನುಗಳೋ, ಮೂಗುತಿಯಷ್ಟು ಚಿಕ್ಕವು. ಮಾಸ್ತರನ ಬೆರಳು ಬಾಳೆಕಾಯಿಯಂಥವು. ಚುಚ್ಚಿದರೆ ಮೂರು ಪದರ ದಾಟಿ ನೆಲಕ್ಕೆ ಬಡಿಯುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಮೇಲೆ ಬಂದರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಮುಚ್ಚಿಕೊಂಡರೆ ಹೆಬ್ಬೆರಳನ್ನೂ ಸೇರಿಸಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಮಂಡಿಯೂರಿ ಬಗ್ಗಿದರೆ ಸೊಂಟನೋವು, ಕೂತರೆ ಬಟ್ಟೆಯೇ ಕುಂಡೆಯಡಿ. ಅಂಟುಪಟ್ಟಿ ಒಂದು ಕಡೆ ಎದ್ದು ಅವನ ಪಂಚೆಗೆ ಅಂಟಿಕೊಂಡು, ಅವನು ಸರಿದ ಕಡೆಗೆಲ್ಲ ಅಡಿಬಟ್ಟೆಯೂ ಹೊರಟಿತು. ಬಾಯಿಗೆ ಬಂದ ಹಾಗೆ ಬೈದ, ಪಿನ್ನು ಮಾಡಿದವನನ್ನು, ಅಂಟುಪಟ್ಟಿ ಮಾರಿದವನನ್ನು, ಕೋಟು ಬೇಕೆಂದ ಆ ಗಿರಾಕಿಯನ್ನು.

ಮಂಚದ ಮೇಲಿಂದ ಅತ್ತೆ, ಅಳಿಯಂದಿರು ಕಾರ್ಖಾನೆಯಲ್ಲೂ ಹೀಗೇ ಬಟ್ಟೆ ಉಟ್ಟುಕೊಂಡು ಕತ್ತರಿಸುತ್ತಿದ್ದರೋ ಏನೋ ಎಂದು ಗೋಡೆಗೆ ಹೇಳಿದರು.

ಅದು ಸಾಕಾಯಿತು. ಮಾಸ್ತರ ಎದ್ದ. ಇನ್ನು ತನ್ನ ಕ್ರಮದಲ್ಲೇ ಮಾಡುವುದು ಎಂದುಕೊಂಡ. ಇಸ್ತ್ರಿ ಪೆಟ್ಟಿಗೆ, ಕುಟ್ಟಾಣಿ, ನೀರು ತುಂಬಿದ ಎರಡು ಬಿಂದಿಗೆ ತಂದು ನಾಲ್ಕು ಮೂಲೆಗೆ ಭಾರ ಇಟ್ಟ. ಮೇಲ್ಬಟ್ಟೆಯನ್ನು ಅಂಚು ಹಿಡಿದು ಬಿಗಿಯಾಗಿ ಎಳೆದು, ಸುತ್ತಲೂ ಅಂಚಿನಲ್ಲೇ ಸಾಲಾಗಿ ಪಿನ್ನು ಹಾಕಿದ. ಈಗ ನೆಟ್ಟಗಾಯಿತು. ಆದರೆ ಹೊರಗಿನ ಆ ನಾಲ್ಕು ಬೆರಳು ಇನ್ನೂ ಸುತ್ತಲೂ ಹಲ್ಲು ಕಿರಿಯುತ್ತಿತ್ತು. ಕಪಾಟಿನಿಂದ ಹನ್ನೆರಡು ಇಂಚಿನ ತನ್ನ ಕತ್ತರಿ ತೆಗೆದ.

ಅತ್ತೆ ತಲೆಯೆತ್ತಿದರು. "ಅಳಿಯಂದಿರೇ, ಅವಳು ಅದನ್ನ ಬೇಕಂತಲೇ ಬಿಟ್ಟಿರಬಹುದು."

"ಹೇಗಿದ್ರೂ ಆಮೇಲೆ ಕತ್ತರಿಸೋದೇ ಅಂತೆ, ಅತ್ತೆ. ಈಗ ಕತ್ತರಿಸಿದ್ರೆ ಅವಳ ಕೆಲಸ ಉಳೀತು."

ಪದರ ಕೂಡಿದ ಬಟ್ಟೆ ಕತ್ತರಿಯೊಳಗೆ ಹೋಗುವ ಆ ಸದ್ದು ಕೇಳಿ ಎಂಟು ತಿಂಗಳಾಗಿತ್ತು. ನೆಲದ ಮೇಲೆ ಕೈಯೂರಿ, ಉಸಿರು ಬಿಗಿಹಿಡಿದು, ಒಂದು ಕಡೆಯಿಂದ ಹೊರಟರೆ ಮೂಲೆ ಬರುವವರೆಗೆ ಕತ್ತರಿ ಮುಚ್ಚಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಕಡೆ ಮುಗಿಯಿತು. ಅಂಚು ನೋಡಿದರೆ ಬೆಣ್ಣೆ ಕತ್ತರಿಸಿದ ಹಾಗಿತ್ತು. ಕತ್ತರಿಸಿದ ಪಟ್ಟಿಗಳನ್ನೂ ಬಿಸಾಡದೆ, ಬಟ್ಟೆಯದು ಬೇರೆ, ಹತ್ತಿಯದು ಬೇರೆ ಸುತ್ತಿಟ್ಟ. ಮನೆಗೆ ಬಂದ ಮೇಲೆ ಮೊದಲ ಸಲ ಅವನಿಗೆ ತಾನು ಒಂದು ಕೆಲಸ ಮಾಡಿದೆ ಅನ್ನಿಸಿತು. ಗೋಡೆಗೆ ಒರಗಿ ಕೂತು, ಅವಳು ಯಾವಾಗ ಬರುತ್ತಾಳೋ, ಬಂದು ಏನನ್ನುತ್ತಾಳೋ ಎಂದು ಬಾಗಿಲು ನೋಡುತ್ತ ಕೂತ.

ಅವಳು ಬಂದಳು. ಚಪ್ಪಲಿ ಬಿಡುವವಳು ಒಂದು ಕಾಲಿನದು ಬಿಟ್ಟು ಇನ್ನೊಂದು ಬಿಡದೆ ಹಾಗೇ ನಿಂತಳು. ಕೌದಿಯನ್ನು ನೋಡಿದಳು, ಕತ್ತರಿ ನೋಡಿದಳು, ಸುತ್ತಿಟ್ಟ ಪಟ್ಟಿಗಳನ್ನು ನೋಡಿದಳು. ಆಮೇಲೆ ತಾಯಿಯ ಮಂಚದ ತುದಿಗೆ ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಹೇಳಿದೆನಮ್ಮ ಎಂದು ಅತ್ತೆ ಮೆಲ್ಲಗೆ ಅಂದರು.

ಆಮೇಲೆ ಹೇಳಿದಳು, ಯಾರಿಗೋ ದಾರಿ ಹೇಳುವವಳ ಹಾಗೆ, ದನಿ ಏರಿಸದೆ. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಟ್ಟೆ ಒತ್ತಿ ಹಿಡಿಯುವ ಪಾದ ಮೇಲಿನದನ್ನು ಮುಂದಕ್ಕೆ ತಳ್ಳುತ್ತದೆ. ನಡುವಿನ ಹತ್ತಿ ಅಲ್ಲಲ್ಲಿ ಕುಗ್ಗುತ್ತದೆ. ನೂರು ಸಾಲು ಹೊಲಿಯುವಷ್ಟರಲ್ಲಿ ಮೇಲ್ಬಟ್ಟೆ ಎಲ್ಲೋ, ಅಡಿಬಟ್ಟೆ ಎಲ್ಲೋ. ಅದಕ್ಕೇ ಆ ನಾಲ್ಕು ಬೆರಳು. ಅದಕ್ಕೇ ನಡುವಿನಿಂದ ಪಿನ್ನು, ಸಡಿಲ ಇದ್ದದ್ದು ಹೊರಗೆ ಹೋಗಲಿ ಎಂದು.

ಮಾಸ್ತರ ಒಪ್ಪಲಿಲ್ಲ. ತಾನು ಹಾಸಿದ ಪದರ ಒಂದು ದಿನವೂ ಅಲುಗಾಡಿದ್ದಿಲ್ಲ ಎಂದ.

"ಅಲ್ಲಿ ಕತ್ತರಿಸೋದಷ್ಟೇ ಇತ್ತು ರೀ. ಇಲ್ಲಿ ಹೊಲೀಬೇಕು."

ನಿಜ ಹೇಳಬೇಕೆಂದರೆ ಮೂವತ್ತೊಂದು ವರ್ಷದಲ್ಲಿ ಅವನು ಒಂದು ಸಲವೂ ಹೊಲಿಗೆ ಸಾಲಿನ ಕಡೆ ಹೋಗಿರಲಿಲ್ಲ. ಕತ್ತರಿಸಿದ ತುಂಡುಗಳನ್ನು ಕಟ್ಟು ಕಟ್ಟಿ, ಚೀಟಿ ಸಿಕ್ಕಿಸಿ, ಗೋಡೆಯಲ್ಲಿದ್ದ ಕಿಟಕಿಯೊಳಗೆ ತಳ್ಳಿದರೆ ಅವನ ಕೆಲಸ ಮುಗಿಯಿತು. ಆ ಕಡೆ ಅವು ಏನಾಗುತ್ತಿದ್ದವು, ಯಾರ ಕೈಯಲ್ಲಿ ಎಷ್ಟು ಎಳೆದಾಡಿಸಿಕೊಳ್ಳುತ್ತಿದ್ದವು, ಅವನಿಗೆ ಬೇಕಾಗಿಯೂ ಇರಲಿಲ್ಲ. ಆದರೆ ಸೋಲುವವನಲ್ಲ ಅವನು. ಸುಮ್ಮನೆ ಹೆದರಿಸಬೇಡ, ಹೊಲಿದು ನೋಡು, ನಾನು ಹಿಡಿದುಕೊಳ್ಳುತ್ತೇನೆ ಎಂದ.

ಹೊಲಿದಳು. ಅವಳಿಗೂ ಬೇರೆ ದಾರಿ ಕಾಣಲಿಲ್ಲ. ಅರ್ಧ ಕೌದಿಯನ್ನು ಸುರುಳಿ ಸುತ್ತಿ ಮಿಷನ್ನಿನ ಕಂಕುಳೊಳಗೆ ತೂರಿಸಿ, ಉಳಿದರ್ಧವನ್ನು ಮಾಸ್ತರ ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮೊದಲ ಸಾಲು ಪರವಾಗಿಲ್ಲ. ಎರಡನೆಯ ಸಾಲಿನಲ್ಲಿ ನಡುವೆ ಒಂದು ಗುಳ್ಳೆ ಎದ್ದಿತು. ಅಂಚುಗಳೆಲ್ಲ ಪಿನ್ನಿನಲ್ಲಿ ಬಿಗಿದಿದ್ದವಲ್ಲ, ಗುಳ್ಳೆಗೆ ಹೋಗಲು ಜಾಗವಿಲ್ಲ. ಸೂಜಿಯ ಮುಂದೆ ಮುಂದೆ ಓಡಿತು, ಓಡಿ ಓಡಿ ದೊಡ್ಡದಾಯಿತು, ಮೂರನೇ ಸಾಲಿನ ಕೊನೆಯಲ್ಲಿ ಮಡಿಕೆ ಬಿದ್ದು ಹೊಲಿಗೆಯೊಳಗೆ ಸೇರಿಕೊಂಡಿತು. ನಾಲ್ಕನೆಯ ಸಾಲು ಮುಗಿದಾಗ ಮೇಲ್ಬಟ್ಟೆ ಅಡಿಬಟ್ಟೆಯನ್ನು ದಾಟಿ ಎರಡು ಬೆರಳು ಹೊರಗೆ ಬಂದಿತ್ತು. ತಿರುಗಿಸಿ ನೋಡಿದರೆ ಹಿಂದುಗಡೆ ಹೆಬ್ಬೆರಳು ದಪ್ಪದ ಸುಕ್ಕು.

ಮಾಸ್ತರ ತಪ್ಪು ದಾರದ್ದು ಎಂದ. ದಾರ ಬದಲಾಯಿಸಿದರು. ಪಾದದ್ದು ಎಂದ. ಪಾದ ಸಡಿಲಿಸಿದರು. ಮಿಷನ್ನಿಗೆ ಎಣ್ಣೆ ಇಲ್ಲ ಎಂದ, ಹತ್ತಿ ಅಗ್ಗದ್ದು ಎಂದ, ನೆಲ ಓರೆಯಿದೆ, ಮನೆ ಕಟ್ಟಿದ ಮೇಸ್ತ್ರಿ ಕಳ್ಳ ಎಂದ. ಐದನೇ ಸಾಲಿನಲ್ಲಿ ಪಿನ್ನಿನ ಮೇಲೆ ಸೂಜಿ ಹತ್ತಿ ಟಪ್ಪೆಂದು ಮುರಿದು, ಅದರ ತುದಿ ಹಾರಿ ಅತ್ತೆಯ ದಿಂಬಿಗೆ ಬಿತ್ತು. ಇಂಥ ಮಿಷನ್ನನ್ನು ಕಿಟಕಿಯಿಂದ ಆಚೆಗೆ ಎಸೀಬೇಕು ಎಂದು ಮಾಸ್ತರ ಕೌದಿಯನ್ನು ಕೈಬಿಟ್ಟ. ಬಿಟ್ಟ ಭಾರಕ್ಕೆ ಕೌದಿ ಜಗ್ಗಿ, ಹೊಲಿದ ಸಾಲು ಗೇಣುದ್ದ ಕಿತ್ತುಹೋಯಿತು.

ಅವಳು ಮಿಷನ್ನಿನ ಮೇಲೆ ಹಣೆಯಿಟ್ಟಳು. ಹಾಗೆ ಹಣೆಯಿಟ್ಟುಕೊಂಡೇ ಅವಳು ಅಂದಳು.

"ಒಂದೇ ಒಂದು ಸಲ, ತಪ್ಪು ನಂದು ಅಂತ ನಿಮ್ಮ ಬಾಯಿಂದ ಹೇಳಿ. ಬಟ್ಟೆ ಸರಿಹೋಗಲ್ಲ, ಗೊತ್ತು. ನಂಗೆ ಸ್ವಲ್ಪ ಸಮಾಧಾನ ಆಗುತ್ತೆ."

ಮಾಸ್ತರ ಬಾಯಿ ತೆರೆದ. ಹತ್ತಿ ಸ್ವಲ್ಪ ಒಳ್ಳೇದಿದ್ದಿದ್ದರೆ ಎಂದು ಶುರು ಮಾಡಿ, ಅವಳು ತಲೆಯೆತ್ತಿ ನೋಡಿದ್ದು ಕಂಡು, ಮಾತು ಮುಗಿಸದೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಬೀದಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದೆಲ್ಲ ಓರೆಯೇ. ಸೈಕಲ್ ಅಂಗಡಿಯವನ ಬೋರ್ಡು ಓರೆ, ತರಕಾರಿಯವಳ ತಾಡಪತ್ರಿ ಒಂದು ಕಡೆ ಜೋತುಬಿದ್ದಿತ್ತು, ಶಾಲೆಯ ಕಾಂಪೌಂಡಿಗೆ ಬಳಿದ ಬಣ್ಣ ಮೇಲೊಂದು ಕಡೆ ಕೆಳಗೊಂದು ಕಡೆ. ಎಲ್ಲರ ಮೇಲೂ ಸಿಟ್ಟು ಬಂತು. ಯಾರನ್ನಾದರೂ ಹಿಡಿದು ಜಗಳ ಮಾಡೋಣ ಎಂದರೆ ಭಾನುವಾರದ ಮಧ್ಯಾಹ್ನ ಯಾರೂ ಸಿಗಲಿಲ್ಲ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ಬಂದ. ಎರಡನೇ ಸಲ ನಿಲ್ದಾಣದ ಬೆಂಚಿನಲ್ಲಿ ಕೂತಾಗ, ತಾನು ಕೂತಿದ್ದೇನೆ ಅನ್ನುವುದು ಅವನ ತಲೆಗೆ ಹೊಕ್ಕಿತು. ಅವಳು ಎರಡು ಗಂಟೆ ಕೋಟಿನ ತೋಳು ಹೊಲಿಯುತ್ತ ನಿಂತು ಬಂದವಳು. ಎದ್ದು ಮನೆಗೆ ನಡೆದ.

ಬಂದವನೇ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಅವಳ ಎದುರಿಗೆ ನೆಲದ ಮೇಲೆ ಕೂತು, ಹೊಲಿದ ಸಾಲುಗಳನ್ನು ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ನಾಲ್ಕೂವರೆ ಸಾಲು ಬಿಚ್ಚಲು ಇಬ್ಬರಿಗೂ ಸಂಜೆಯಾಯಿತು. ಹೊಲಿಯುವುದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಬಿಚ್ಚಿದ ದಾರದ ತುಂಡುಗಳು ಹತ್ತಿಗೆ ಮೆತ್ತಿಕೊಂಡು ಬಿಡಲೊಲ್ಲವು. ಒಂದೊಂದನ್ನೂ ಉಗುರಿನಲ್ಲಿ ಹೆಕ್ಕಬೇಕು. ಮಾಸ್ತರ ಪ್ರತಿ ತುಂಡಿಗೂ ಒಂದು ಬೈಗುಳ ಗೊಣಗಿದ. ಯಾರಿಗೆ ಬೈಯುತ್ತಿದ್ದಾನೆ ಅನ್ನುವುದು ಮಾತ್ರ ಈಗ ಅಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಸೋಮವಾರ ಅವಳು ಅಂಗಡಿಗೆ ಹೋಗಲಿಲ್ಲ. ಅಂಗಡಿಯವನು ಫೋನಿನಲ್ಲಿ ಕೂಗಾಡಿದ. ಹೊಸ ಅಡಿಬಟ್ಟೆ ಕೇಳೋಣವೆಂದರೆ, ಮೊದಲನೇ ಕೆಲಸಕ್ಕೇ ಬಟ್ಟೆ ಹಾಳು ಮಾಡಿದೆ ಎಂದು ಯಜಮಾನಿಯ ಮುಂದೆ ಹೇಗೆ ಹೇಳುವುದು. ಪೇಟೆಯಲ್ಲಿ ಆ ಬಣ್ಣ, ಆ ಪನ್ನ ಸಿಗಲಿಲ್ಲ. ಕೊನೆಗೆ ಮಾಸ್ತರ ಸುತ್ತಿಟ್ಟಿದ್ದ ಪಟ್ಟಿಗಳನ್ನೇ ಅಡಿಬಟ್ಟೆಯ ಸುತ್ತ ಮತ್ತೆ ಹೊಲಿದು ಸೇರಿಸಿದಳು. ಹತ್ತಿಯ ಪಟ್ಟಿಗಳನ್ನು ಅಂಚಿಗೆ ತಾಗಿಸಿಟ್ಟು ಕೈಯಲ್ಲಿ ಹಾವಿನ ನಡೆಯ ಹಾಗೆ ಹೊಲಿದಳು. ಸೇರಿಸುವಲ್ಲಿ ಬಟ್ಟೆ ಒಳಗೆ ಹೋಗಿ ನಾಲ್ಕು ಬೆರಳು ಮೂರಾಯಿತು. ಅಷ್ಟಾದರೂ ಆಯಿತಲ್ಲ ಅಂದುಕೊಂಡಳು.

ಮತ್ತೆ ಮಂಚ ಎಳೆದರು, ಮತ್ತೆ ನೆಲ ಒರೆಸಿದರು. ಈ ಸಲ ಪಿನ್ನು ಬೇಡ, ದಾರದಲ್ಲೇ ಕಚ್ಚಾ ಹೊಲಿಗೆ ಹಾಕೋಣ, ಸರಿಯಾಗಿ ಹಿಡಿದುಕೊಳ್ಳುತ್ತದೆ ಎಂದಳು. ಆಮೇಲೆ ಕಿತ್ತುಹಾಕುವ ಹೊಲಿಗೆ ಅದು. ಬೆರಳುದ್ದ ಬೆರಳುದ್ದ ಟಾಕು, ನಡುವಿನಿಂದ ಎಂಟು ದಿಕ್ಕಿಗೂ. ಕಿತ್ತುಹಾಕುವುದಕ್ಕೆಂದೇ ಹೊಲಿಯುವುದು ಮಾಸ್ತರನಿಗೆ ಅವಮಾನದ ಕೆಲಸವೆನಿಸಿತು. ಆದರೂ ಸೂಜಿ ಹಿಡಿದ. ಅವನ ಟಾಕು ಒಂದು ಬೆರಳುದ್ದ, ಇನ್ನೊಂದು ಗೇಣುದ್ದ ಬಿದ್ದವು. ಅವಳು ಬಂದು ನೋಡಿ, ಅವನು ಹಾಕಿದ್ದರಲ್ಲಿ ಅರ್ಧ ಬಿಚ್ಚಿ ಮತ್ತೆ ಹಾಕಿದಳು. ಅತ್ತೆ ಮಂಚದಿಂದ, ಅಳಿಯಂದಿರ ಹೊಲಿಗೆ ಕೋಳಿ ನಡೆದ ಹಾಗಿದೆ ಎಂದರು. ಬೇರೆ ದಿನವಾಗಿದ್ದರೆ ಮನೆಯ ಹೆಂಚು ಹಾರುತ್ತಿತ್ತು. ಅವತ್ತು ಮಾಸ್ತರ ಸೂಜಿ ಚುಚ್ಚಿದ ಬೆರಳನ್ನು ಚೀಪಿ ಮುಂದಿನ ಟಾಕು ಹಾಕಿದ.

ಮಧ್ಯಾಹ್ನದಿಂದ ಹೊಲಿದಳು. ಈಗ ಗುಳ್ಳೆ ಏಳಲಿಲ್ಲ. ಸಡಿಲವೆಲ್ಲ ಮೆಲ್ಲಗೆ ಹೊರಹೊರಗೆ ಸರಿದು ಆ ಮೂರು ಬೆರಳಿನಲ್ಲಿ ಕರಗಿತು. ಕೌದಿಯನ್ನು ಎತ್ತಿ ಹಿಡಿದಿದ್ದ ಮಾಸ್ತರ, ಬಟ್ಟೆ ಕಣ್ಣೆದುರಿಗೇ ಸರಿಯುವುದನ್ನು ಸಾಲಿನಿಂದ ಸಾಲಿಗೆ ನೋಡಿದ. ಕೈ ಸೋತರೂ ಕೆಳಗಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಹೆಚ್ಚಿನದನ್ನು ಕತ್ತರಿಸಿ, ಅಂಚಿಗೆ ಪಟ್ಟಿ ಕಟ್ಟಿ ಮುಗಿಸಿದಳು. ಮೇಲಿನಿಂದ ನೋಡಿದರೆ ಕೌದಿ ಚೆನ್ನಾಗಿಯೇ ಬಂದಿತ್ತು. ತಿರುಗಿಸಿದರೆ ಒಂದು ಕಡೆ, ಸೇರಿಸಿದ ಪಟ್ಟಿಯ ಹೊಲಿಗೆ ಗೀರು ಅಂಚಿನಿಂದ ಎರಡು ಬೆರಳು ಒಳಗೆ ಬಂದು, ಓರೆಯಾಗಿ ಹೋಗಿ, ಮೂಲೆಯ ಹತ್ತಿರ ಮಾಯವಾಗಿತ್ತು. ಇಬ್ಬರೂ ಅದನ್ನು ನೋಡಿದರು. ಕೌದಿಯನ್ನು ಆ ಕಡೆ ಒಳಗೆ ಮಾಡಿ ಮಡಿಸಿದರು.

ಪರದೆ ಅಂಗಡಿಯ ಯಜಮಾನಿ ಕನ್ನಡಕ ಹಾಕಿಕೊಂಡು ಕೌದಿಯನ್ನು ಉದ್ದನೆಯ ಮೇಜಿನ ಮೇಲೆ ಹರಡಿಸಿದರು. ಸಾಲುಗಳ ಮೇಲೆ ಬೆರಳಾಡಿಸಿದರು, ಮೂಲೆಗಳನ್ನು ಮಡಿಸಿ ನೋಡಿದರು. ಕೈ ಚೆನ್ನಾಗಿದೆ ಅಂದರು. ಹೆಂಡತಿಯ ಮುಖ ಒಂದಿಷ್ಟು ಅರಳಿತು. ಆಮೇಲೆ ಅವರು ಅದನ್ನು ತಿರುಗಿಸಿದರು. ಓರೆ ಗೀರಿನ ಮೇಲೆ ಅವರ ಹೆಬ್ಬೆರಳು ನಿಂತಿತು.

"ಇದೇನಮ್ಮ ಇದು? ನಾನು ಒಂದೇ ತುಂಡು ಕೊಟ್ಟಿದ್ದೆನಲ್ಲ."

ಹೆಂಡತಿ ಮೇಜಿನ ಮೇಲಿದ್ದ ಟೇಪನ್ನು ನೋಡುತ್ತ ನಿಂತಳು. ಮಾಸ್ತರನಿಗೆ ಮಾತು ನಾಲಿಗೆಯ ಮೇಲೇ ಇತ್ತು. ನಿಮ್ಮ ಬಟ್ಟೆಯೇ ಓರೆಯಿತ್ತು, ನೆನೆಸಿದಾಗ ಕುಗ್ಗಿತು, ನಾನು ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು. ಹೇಳಿದ್ದರೆ ಯಜಮಾನಿ ನಂಬಿಯೂ ನಂಬುತ್ತಿದ್ದರು. ಅಂಥಾ ಮಾತನ್ನು ಅವನು ಎಷ್ಟೋ ದೊಡ್ಡ ಸಾಹೇಬರಿಗೆ ಹೇಳಿ ದಕ್ಕಿಸಿಕೊಂಡವನು. ಹೆಂಡತಿ ತಲೆಯೆತ್ತಲಿಲ್ಲ. ಅವನು ಅದನ್ನೇ ಹೇಳುತ್ತಾನೆ ಎಂದು ಕಾಯುತ್ತ, ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಂತಿದ್ದಳು.

"ಬಟ್ಟೆ ಸರಿಯಾಗೇ ಇತ್ತು," ಎಂದ ಮಾಸ್ತರ. "ಕತ್ತರಿಸಿದ್ದು ನಾನು. ಇವಳು ಮನೇಲಿರಲಿಲ್ಲ, ಬೇಡ ಅಂತ ಹೇಳಿ ಹೋಗಿದ್ಲು."

"ಯಾಕೆ ಕತ್ತರಿಸಿದ್ರಿ?"

"ಅಂಚು ಸರಿ ಕಾಣ್ಲಿಲ್ಲ ಅಂತ."

ಯಜಮಾನಿ ಅವನನ್ನು ಕನ್ನಡಕದ ಮೇಲಿಂದ ಒಂದು ಸಲ, ಕನ್ನಡಕದೊಳಗಿಂದ ಒಂದು ಸಲ ನೋಡಿದರು. ನಗಬೇಕೋ ಬೈಯಬೇಕೋ ಅವರಿಗೂ ತಿಳಿಯಲಿಲ್ಲ ಅನ್ನಿಸುತ್ತದೆ. ಮನೆಯಲ್ಲಿ ಹೊಲಿಯುವ ಕೆಲಸವೆಂದರೆ ಇದೇ ತೊಂದರೆ, ಹೊಲಿಯುವವರು ಒಬ್ಬರು, ಕೈಯಾಡಿಸುವವರು ನಾಲ್ಕು ಜನ ಎಂದು ಗೊಣಗಿಕೊಂಡರು. ಆಮೇಲೆ ಹೆಂಡತಿಗೆ ಹೇಳಿದರು. ಇನ್ನೊಬ್ಬಾಕೆಯದು ನಿನ್ನೆಯೇ ಬಂದಿದೆ. ಅವಳ ಹೊಲಿಗೆ ನಿಮ್ಮಷ್ಟು ನೆಟ್ಟಗಿಲ್ಲ, ಆದರೆ ಹಿಂದುಗಡೆ ಶುದ್ಧವಾಗಿದೆ, ಗಿರಾಕಿ ತಿರುಗಿಸಿ ನೋಡದೆ ಬಿಡುವುದಿಲ್ಲ. ಜೋಡಿ ಮಂಚದ ಕೆಲಸ ಈ ವರ್ಷ ಅವಳಿಗೇ. ನಿಮಗೆ ತೊಟ್ಟಿಲ ಕೌದಿಗಳನ್ನು ಕೊಡುತ್ತೇನೆ, ತಿಂಗಳಿಗೆ ಎಂಟೋ ಹತ್ತೋ. ಅದನ್ನು ನೋಡಿ ಮುಂದಿನ ವರ್ಷ ಮಾತಾಡೋಣ.

ಎಂಟು ತೊಟ್ಟಿಲ ಕೌದಿ ಹೊಲಿದುಕೊಂಡು ಅಂಗಡಿಯ ಕೆಲಸ ಬಿಡಲಾಗುವುದಿಲ್ಲ. ಬಹಳವೆಂದರೆ ಅರ್ಧ ದಿನ ಬಿಡಬಹುದು. ಅರ್ಧ ದಿನ ನಿಲ್ಲಲೇಬೇಕು. ಹೆಂಡತಿ ಸರಿ ಎಂದಳು, ಬಟ್ಟೆಯ ಕಟ್ಟು ತೆಗೆದುಕೊಂಡಳು, ಹೊರಗೆ ಬಂದಳು. ಮಾಸ್ತರ ವಾಪಸು ಬಂದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಹಿಂದೆ ನಡೆದ. ಯಜಮಾನಿಯ ಮೇಲೆ ಬೈಗುಳ ಶುರು ಮಾಡುವವನಿದ್ದ. ಅಷ್ಟರಲ್ಲಿ ಅವಳು ನಿಂತು ಹಿಂದಕ್ಕೆ ತಿರುಗಿದಳು.

"ಕೊನೆಗೂ ಹೇಳಿದ್ರಿ. ಅದೂ ಅವರಿಗೆ. ನಂಗಲ್ಲ."

ಜನ ಅವರಿಬ್ಬರನ್ನೂ ಸುತ್ತಿಕೊಂಡು ಹೋಗುತ್ತಿದ್ದರು. ಮಾಸ್ತರ ಕೌದಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿದ. ಅವರಿಗೆ ಹೇಳುವುದು ಸುಲಭವಿತ್ತು ಎಂದು ಅವನಿಗೆ ಆಗ ಗೊತ್ತಾಯಿತು.

"ತಪ್ಪು ನಂದೇ," ಎಂದ. ಎಷ್ಟು ಮೆಲ್ಲಗೆ ಎಂದರೆ ಪಕ್ಕದಲ್ಲಿ ಬಸ್ಸು ಇದ್ದಿದ್ದರೆ ಕೇಳುತ್ತಿರಲಿಲ್ಲ. ಬಸ್ಸು ಇರಲಿಲ್ಲ.

"ಹ್ಞೂಂ," ಎಂದಳು. ಕೈಯಲ್ಲಿದ್ದ ತೊಟ್ಟಿಲ ಕೌದಿಯ ಬಟ್ಟೆಯನ್ನೂ ಅವನ ಕೈಗೆ ಕೊ‌ಟ್ಟಳು. "ಮನೆಗೆ ತಗೊಂಡು ಹೋಗಿ. ಎರಡು ಗಂಟೆಗೆ ನಾನು ಅಂಗಡೀಲಿರ್ಬೇಕು. ನಿನ್ನೇದಕ್ಕೇ ಅವನು ಕೂಗಾಡ್ತಾನೆ."

ಅವಳು ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತ ಪೇಟೆಯ ಕಡೆ ನಡೆದಳು. ಅವಳು ಹಾಗೆ ನಡೆಯುತ್ತಾಳೆ ಅನ್ನುವುದು ಮಾಸ್ತರನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದ್ದು ಅವತ್ತೇ.

ಮನೆಗೆ ಬಂದಾಗ ಅತ್ತೆ ಎದ್ದು ಕೂತು ಬಾಗಿಲನ್ನೇ ನೋಡುತ್ತಿದ್ದರು. ಏನಾಯ್ತು, ಒಪ್ಪಿದರಾ ಎಂದು ಕೇಳಿದರು.

"ಅರ್ಧ ಒಪ್ಪಿದ್ರು, ಅತ್ತೆ."

"ಇನ್ನರ್ಧ?"

"ಇನ್ನರ್ಧ ನಾನು ಕತ್ತರಿಸಿಬಿಟ್ಟೆ."

ಕುಟುಕಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಆದರೂ ಅತ್ತೆ, ತಟ್ಟೆ ಮುಚ್ಚಿಟ್ಟಿದ್ದಾಳೆ, ಉಣ್ಣಿ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಮಾಸ್ತರ ಊಟಕ್ಕೆ ಕೂರಲಿಲ್ಲ. ನೆಲ ಒರೆಸಿ, ಒಣಗುವವರೆಗೆ ಕಾದು, ಮೊದಲನೇ ತೊಟ್ಟಿಲ ಕೌದಿಯ ಮೂರು ಪದರಗಳನ್ನು ಹಾಸಿದ. ಸುತ್ತಲೂ ನಾಲ್ಕು ಬೆರಳು ಬಿಟ್ಟ. ನೋಡಲು ಅಸಹ್ಯವಾಗಿಯೇ ಇತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಒಂದು ಸಲಕ್ಕೆ ಆಗಲಿಲ್ಲ, ಎರಡು ಸಲಕ್ಕೆ ಆಗಲಿಲ್ಲ. ಮೂರನೇ ಸಲ ದಾರ ಸೀಳಿತು. ಅವನು ದಾರ ಮಾಡಿದವನ ವಂಶವನ್ನೆಲ್ಲ ನೆನೆಸಿಕೊಂಡು, ತುದಿಯನ್ನು ಮತ್ತೆ ಬಾಯಲ್ಲಿಟ್ಟು ಒದ್ದೆ ಮಾಡಿದ.